ಕಾಲಂ ಹನ್ನೆರಡು

ಮುಹರ್ರಕ್‌ನ ಈ ಓಣಿಯಲ್ಲಿ ಇಬ್ಬರು ಎದುರಾದರೆ
ಒಬ್ಬ ಗೋಡೆಗೆ ಒರಗಿ ದಾರಿ ಬಿಡಬೇಕು.
ಅಷ್ಟು ಇಕ್ಕಟ್ಟಿನಲ್ಲಿ ಟೇಪು ಹಿಡಿದು ನಿಂತಿದ್ದೇನೆ.
ಮನೆ ನಂಬ್ರ ಏಳುನೂರ ಹದಿನಾಲ್ಕು.
ಸರ್ಕಾರ ಕೊಳ್ಳುವ ಮುಂಚೆ ನಕ್ಷೆ ಬೇಕು,
ಒಡೆತನದ ಸರಪಳಿಯೂ ಬೇಕು; ಎರಡೂ ನನ್ನ ತಲೆಗೆ.

ಮೊದಲ ಕಾಗದ ಹಿಜರಿ ಸಾವಿರದ ಮುನ್ನೂರ ಮೂವತ್ತೊಂದು.
ನಾಖುದಾ ಸುವೈಲಿಮ್ ಕಟ್ಟಿಸಿದ್ದು.
ಗೋಡೆಗೆ ಕಡಲಿನಿಂದಲೇ ಕಿತ್ತ ಹವಳದ ಕಲ್ಲು,
ಈಗಲೂ ಸೆಕೆಗೆ ಉಪ್ಪು ಬೆವರುತ್ತದೆ.
ಬಾಗಿಲು ಸಾಗುವಾನಿ:
ದಾಂಡೇಲಿಯದೋ ಹಳಿಯಾಳದ್ದೋ, ಕಾರವಾರದಲ್ಲಿ ಹಡಗು ಹತ್ತಿದ್ದು.
ನನಗಿಂತ ಎಂಬತ್ತು ವರ್ಷ ಮುಂಚೆ, ವೀಸಾ ಇಲ್ಲದೆ.

ನಾಖುದಾ ಸತ್ತಾಗ ಮಗನಿಗೆ ಬಂದದ್ದು ಎರಡು:
ಮನೆ, ಮತ್ತು ಸಾಲ.
ಸಾಲ ದೊಡ್ಡದಿತ್ತು.
ಮುತ್ತಿನ ವ್ಯಾಪಾರಿ ಹಾಜಿ ಮಕ್ಕಿ ಮನೆಯನ್ನು ವಜಾ ಹಾಕಿಕೊಂಡ.
ಕಾಗದದ ಬುಡದಲ್ಲಿ ಮಗನ ಹೆಬ್ಬೆಟ್ಟು,
ಮುಳುಗಿ ಮುಳುಗಿ ಸವೆದ ಬೆರಳು, ಗೆರೆಯೇ ಮೂಡಿಲ್ಲ,
ಮಸಿಯ ಒಂದು ಬೊಟ್ಟು, ಅಷ್ಟೆ.

ಆಮೇಲೆ ಜಪಾನಿನವರು ಮುತ್ತನ್ನೂ ಬೆಳೆ ತೆಗೆಯಲು ಕಲಿತರು.
ಹಾಜಿ ಮಕ್ಕಿ ಮಾರಿದ. ಕೊಂಡವನು ಲಿಂಗಾ ಬಂದರಿನ ಅಕ್ಕಿ ವ್ಯಾಪಾರಿ.
ಬೆಲೆ ಮೂರು ಸಾವಿರದ ಇನ್ನೂರು ರೂಪಾಯಿ.
ಹೌದು, ರೂಪಾಯಿ. ಆಗ ಇಲ್ಲಿ ನಡೆಯುತ್ತಿದ್ದುದು ನಮ್ಮದೇ ನಾಣ್ಯ.
ಕ್ಯಾಂಟೀನಿನಲ್ಲಿ ಇದನ್ನು ಹೇಳಿದೆ. ಯಾರೂ ನಂಬಲಿಲ್ಲ,
ದಿನಾರಿನ ಇವತ್ತಿನ ದರ ನೋಡಿ ಮತ್ತೆ ತಟ್ಟೆಗೆ ಬಗ್ಗಿದರು.

ಅಕ್ಕಿಯವನಿಗೆ ಇಬ್ಬರು ಹೆಂಡಿರು, ಒಂಬತ್ತು ಮಕ್ಕಳು.
ಮನೆ ಭಿನ್ನರಾಶಿಯಾಯಿತು.
ಹೆಂಡಿರಿಗೆ ಎಂಟರಲ್ಲೊಂದು, ಅದರಲ್ಲಿ ಅರ್ಧರ್ಧ;
ಮಗಳಿಗೆ ಮಗನ ಅರ್ಧ;
ಮಕ್ಕಳು ಹೋಗಿ ಮೊಮ್ಮಕ್ಕಳು ಬರುವ ಹೊತ್ತಿಗೆ
ಮೋಜಾ ಎಂಬಾಕೆಯ ಪಾಲು
ಎರಡು ಸಾವಿರದ ಮುನ್ನೂರ ನಾಲ್ಕರಲ್ಲಿ ಏಳು.
ಕುತೂಹಲಕ್ಕೆ ಅಳೆದು ನೋಡಿದೆ:
ಮಾಳಿಗೆ ಮೆಟ್ಟಿಲಿನ ಒಂದು ಹಾಸುಗಲ್ಲು.
ಅವಳು ಅದನ್ನೂ ಬಿಡಲಿಲ್ಲ. ಮೂವತ್ತೊಂದು ಸಹಿಗಳಲ್ಲಿ ಅವಳದೊಂದೇ
ಹನ್ನೊಂದು ವರ್ಷ ಬರಲಿಲ್ಲ.

ಇಷ್ಟರ ನಡುವೆ ನಲವತ್ತೆರಡು ವರ್ಷ
ಇಲ್ಲಿ ಇದ್ದವರು ಬೇರೆ.
ಹೆಜಮಾಡಿಯ ದರ್ಜಿ ವಾಮನ ಸಾಲಿಯಾನ್,
ಭಟ್ಕಳದ ಇಬ್ಬರು ಬಾವರ್ಚಿಗಳು, ಕಾಸರಗೋಡಿನ ಪೈಂಟರುಗಳು,
ಕೋಣೆಗೆ ಎಂಟು, ಪಾಳಿ ಇದ್ದಾಗ ಹದಿನಾರು.
ಗೋಡೆಗೆ ಸುಣ್ಣ ಹೊಡೆದವರು, ಮೋರಿ ತೋಡಿದವರು,
ಗಾಳಿಗೋಪುರಕ್ಕೆ ಪಾರಿವಾಳ ನುಗ್ಗದಂತೆ ಬಲೆ ಕಟ್ಟಿದವರು.
ಬಾಡಿಗೆ ಮೂವತ್ತೊಂದು ಜೇಬುಗಳಿಗೆ ಹಂಚಿಹೋಗುತ್ತಿತ್ತು.
ನನ್ನ ಫಾರಂ ಅನ್ನು ಮೇಲೆ ಕೆಳಗೆ ನೋಡಿದೆ:
ಮಾಲೀಕ, ವಾರಸುದಾರ, ಪಾಲು, ಸಾಕ್ಷಿ.
ಇದ್ದವರಿಗೆ ಕಾಲಂ ಇಲ್ಲ.

ನಮ್ಮ ಪಹಣಿಯಲ್ಲಿ ಇದೆ. ಹನ್ನೆರಡನೆಯದು.
ಒಂಬತ್ತರಲ್ಲಿ ಒಡೆಯನ ಹೆಸರು, ಹನ್ನೆರಡರಲ್ಲಿ ಗೇಯುವವನದು.
ಎಪ್ಪತ್ತನಾಲ್ಕರ ಕಾನೂನು ಬಂದಾಗ ನಮ್ಮಜ್ಜಿ ಅಕ್ಕು ಪೂಜಾರ್ತಿ
ಆ ಒಂದು ಹಾಳೆಯ ನಕಲನ್ನು ಸೆರಗಲ್ಲಿ ಕಟ್ಟಿಕೊಂಡು
ಬಂಟ್ವಾಳಕ್ಕೆ ಡಿಕ್ಲರೇಶನ್ ಹಾಕಲು ನಡೆದಿದ್ದಳು.
ಓದಲು ಬಾರದು. ಗುಮಾಸ್ತ ಬೆರಳಿಟ್ಟು ತೋರಿಸಿದನಂತೆ:
‘ಇಗಾ, ಇಲ್ಲಿರುವುದು ನೀನು.’
ಎಪ್ಪತ್ತು ಸೆಂಟ್ಸು ಬೆಟ್ಟುಗದ್ದೆ.
ಮುಟ್ಟಿ ಮುಟ್ಟಿ ಆ ಜಾಗದಲ್ಲಿ ಕಾಗದ ತೂತಾಗಿತ್ತು.

ಸಾಲಿಯಾನ್ ಊರಿಗೆ ಹೋದದ್ದು ಎರಡು ಸಾವಿರದ ಎಂಟರಲ್ಲಿ.
ಕೀಲಿಕೈ ಒಪ್ಪಿಸಿದ್ದಕ್ಕೆ ಒಂದು ರಸೀದಿಯನ್ನೂ ಕೇಳಲಿಲ್ಲವಂತೆ.

ಇವತ್ತು ಸಂಜೆ ಒಳಕೋಣೆಯ ಗೋಡೆ ಬರೆಯುತ್ತಿದ್ದೆ.
ನಿಯಮವಿದೆ: ಇರುವುದನ್ನೆಲ್ಲ ಗುರುತಿಸಬೇಕು,
ಬಿರುಕು, ಗೂಡು, ಕೊಕ್ಕೆ, ಕೊಳವೆ.
ಹಾಗಾಗಿ ಮೊಳೆಗಳನ್ನೂ ಗುರುತಿಸಿದೆ.
ನಲವತ್ತೊಂದು. ಒಂದೊಂದಕ್ಕೂ ನೆಲದಿಂದ ಎತ್ತರ:
ಐದಡಿ ಎರಡಿಂಚು, ಐದಡಿ ಏಳು, ಐದಡಿ ಆರು,
ಒಂದು ಮಾತ್ರ ನಾಲ್ಕಡಿ ಹತ್ತು, ಯಾರೋ ಕುಳ್ಳ,
ಅದಕ್ಕಿನ್ನೂ ನೀಲಿ ದಾರ ಸುತ್ತಿಕೊಂಡಿದೆ.

ನಜೀಬಾ ಮೇಡಂ ಕನ್ನಡಕ ಏರಿಸಿ ಕೇಳಿದರು, ‘ಇಷ್ಟೂ ಬೇಕಾ?’
‘ಇದ್ದದ್ದು’ ಎಂದೆ.
ಅವರು ಹಾಳೆಯನ್ನು ಕಿಟಕಿಗೆ ಹಿಡಿದು
ತುಟಿಯಲ್ಲೇ ಎಣಿಸಿದರು. ಹದಿಮೂರರಲ್ಲಿ ತಪ್ಪಿತು,
ಮತ್ತೆ ಮೊದಲಿನಿಂದ.